ಕೆಲಸ ಬಿಡು ಅಂತಾರೆ, ಯಾವ ಕೆಲಸ ಬಿಡಲಿ?

ಪ್ರಶ್ನೆ: ಮೇಡಂ, ನಂಗೆ 36 ವರ್ಷ. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್, ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೋತೀನಿ. ಮೂರು ವರ್ಷದಿಂದ ಕುತ್ತಿಗೆ, ಭುಜ, ಸೊಂಟ, ಪಾದ ಎಲ್ಲಾ ನೋವು. ಎಂಟು ಗಂಟೆ ಮಲಗಿದ್ರೂ ಮಲಗೇ ಇಲ್ಲ ಅನ್ನೋ ಹಾಗೆ ಏಳ್ತೀನಿ, ಆಫೀಸಲ್ಲಿ ಒಂದೇ ಸಾಲನ್ನ ನಾಲ್ಕು ಸಲ ಓದ್ತೀನಿ. ಮೂಳೆ ಡಾಕ್ಟ್ರು, ಫಿಸಿಯೋ, ಎಣ್ಣೆ ಮಸಾಜು, ದೃಷ್ಟಿ ತೆಗೆಸೋದು ಎಲ್ಲಾ ಆಯ್ತು. ಹೋದ ತಿಂಗಳು ಒಬ್ರು ರುಮಟಾಲಜಿ ಡಾಕ್ಟ್ರು, ಅಂದ್ರೆ ಕೀಲು, ಸ್ನಾಯು ನೋವು ನೋಡೋರು, ಫೈಬ್ರೊಮಯಾಲ್ಜಿಯಾ ಅಂದ್ರು, ಡ್ಯುಲಾಕ್ಸೆಟಿನ್ ಬರ್ಕೊಟ್ರು. ನಮ್ಮನೆಯವರು ಅದನ್ನ ಮೊಬೈಲಲ್ಲಿ ಹುಡುಕಿ, ಇದು ಡಿಪ್ರೆಶನ್ ಮಾತ್ರೆ, ನಿನ್ನ ಮೈಗೇನೂ ಆಗಿಲ್ಲ, ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲ ಅಂದ್ರು. ಅತ್ತೆ, ನಂಗೂ ಮಂಡಿ ನೋವು, ನಾನು ಓಡಾಡಲ್ವಾ ಅಂತಾರೆ. ವಾಕರಿಕೆ ಬರ್ತಿತ್ತು ಅಂತ ಒಂದು ವಾರಕ್ಕೇ ಮಾತ್ರೆ ಬಿಟ್ಟೆ. ಐದಕ್ಕೆ ಎದ್ದು ತಿಂಡಿ, ಮಗಳ ಡಬ್ಬಿ, ಆಮೇಲೆ ಮೆಟ್ರೋ, ರಾತ್ರಿ ಎಂಟಕ್ಕೆ ಬಂದು ಅಡುಗೆ. ಭಾನುವಾರ ಬಟ್ಟೆ, ಮನೆ ಒರೆಸೋದು ಎಲ್ಲಾ ಮಾಡಿದ್ರೆ ಸೋಮವಾರ ಏಳೋಕಾಗಲ್ಲ. ಈಗ ಆಫೀಸಲ್ಲಿ ಟೀಮ್ ಲೀಡ್ ಮಾಡ್ತೀವಿ, ಶುಕ್ರವಾರದೊಳಗೆ ಹೇಳಿ ಅಂದಿದಾರೆ. ಮನೇಲಿ, ಕೆಲಸಾನೇ ಬಿಟ್ಬಿಡು ಎಲ್ಲಾ ಸರಿಹೋಗುತ್ತೆ ಅಂತಾರೆ. ನಂಗೆ ಬಿಡೋಕೆ ಇಷ್ಟ ಇಲ್ಲ. ಕಾಯಿಲೆ ವಿಷಯ ಆಫೀಸಲ್ಲಿ ಹೇಳಲಾ ಬೇಡ್ವಾ? ಒಂದೊಂದು ರಾತ್ರಿ ನಾನಿದ್ದು ಏನು ಪ್ರಯೋಜನ ಅನ್ಸುತ್ತೆ. ಹೆಸರು ಬೇಡ.

ಉತ್ತರ: ನಿಮ್ಮ ಪತ್ರದ ಕೊನೇ ಸಾಲಿಂದಾನೇ ಶುರು ಮಾಡ್ತೀನಿ. ಆ ಯೋಚನೆ ಬಂದ ರಾತ್ರಿ ಒಬ್ರೇ ಕೂತ್ಕೋಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಮುಂದಿನ ಸಲ ಡಾಕ್ಟ್ರ ಹತ್ರ ಹೋದಾಗ ಅವರಿಗೂ ಇದನ್ನ ಬಾಯಿಬಿಟ್ಟು ಹೇಳಿ. ವರ್ಷಗಟ್ಟಲೆ ನೋವು ತಿಂದು, ಮೇಲಿಂದ ಯಾರೂ ನಂಬದೇ ಇದ್ರೆ ಎಂಥವರಿಗೂ ಮನಸ್ಸು ಕುಸಿಯುತ್ತೆ, ಅದಕ್ಕೂ ಚಿಕಿತ್ಸೆ ಬೇಕು, ಅದ್ರಿಂದ ನಿಮ್ಮ ಮೈ ನೋವು ಸುಳ್ಳಾಗಲ್ಲ.

ಇನ್ನು ನಾರ್ಮಲ್ ರಿಪೋರ್ಟ್ ವಿಷಯ. ಫೈಬ್ರೊಮಯಾಲ್ಜಿಯಾನ ತೋರಿಸೋ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಮೊದಲೆಲ್ಲ, ಅಂದ್ರೆ 1990ರ ಮಾನದಂಡದಲ್ಲಿ, ಮೈಮೇಲೆ 18 ಜಾಗ ಒತ್ತಿ ನೋಡಿ 11 ಕಡೆ ನೋವಿದ್ರೆ ಇದೇ ಅಂತಿದ್ರು. 2010ರಿಂದ ನೋವು ಎಷ್ಟು ಕಡೆ ಇದೆ, ನಿದ್ದೆ ಹೇಗೆ, ಸುಸ್ತು ಎಷ್ಟು, ಮರೆವು ಇದೆಯಾ, ಮೂರು ತಿಂಗಳಿಗಿಂತ ಹೆಚ್ಚಾಯ್ತಾ ಅಂತ ಕೇಳಿ ಗುರುತಿಸ್ತಾರೆ. ರಕ್ತ ಪರೀಕ್ಷೆ ಮಾಡ್ಸೋದು ಬೇರೆ ಕಾಯಿಲೆ ಇದೆಯಾ ಅಂತ ನೋಡೋಕೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ಇವೆಲ್ಲ ನೋಡಿದಾರಾ ಅಂತ ನೀವೂ ಒಂದ್ಸಲ ಫೈಲ್ ತೆಗೆದು ನೋಡ್ಕೊಳ್ಳಿ, ಇದರಲ್ಲಿ ಯಾವುದಾದ್ರೂ ಕಡಿಮೆ ಇದ್ರೆ ಸುಸ್ತು ಇನ್ನೂ ಜಾಸ್ತಿ ಆಗುತ್ತೆ, ಅದನ್ನ ಸರಿಮಾಡೋದು ಸುಲಭ. ಅತ್ತೆಯವರ ಮಂಡಿ ಸವೆದಿರೋದು ಎಕ್ಸ್‌ರೇಲಿ ಕಾಣುತ್ತೆ. ನಿಮ್ದು ಮಿದುಳು, ಬೆನ್ನುಹುರಿ ನೋವಿನ ಸುದ್ದೀನ ಹೆಚ್ಚು ಮಾಡಿ ಹೇಳ್ತಿರೋದ್ರಿಂದ ಆಗೋದು. ರಾತ್ರಿ ರಸ್ತೇಲಿ ನಿಲ್ಲಿಸಿರೋ ಕಾರು ಪಕ್ಕದಲ್ಲಿ ಆಟೋ ಹೋದ್ರೂ ಬಡ್ಕೊಳ್ಳುತ್ತಲ್ಲ ಹಾಗೆ, ಕಳ್ಳ ಬಂದಿಲ್ಲ, ಆದ್ರೆ ಆ ಅಲಾರಾಂ ಸದ್ದಿಗೆ ಬೀದಿಯೆಲ್ಲಾ ನಿದ್ದೆ ಕೆಡೋದು ನಿಜ ತಾನೆ? ಅತ್ತೆಗೆ ಹೀಗೇ ಹೇಳಿ ನೋಡಿ.

ಮಾತ್ರೆ ವಿಷಯಕ್ಕೆ ನಂಗೆ ಬೇಜಾರಾಯ್ತು, ಯಾಕಂದ್ರೆ ನಿಮ್ಮ ಯಜಮಾನರು ಓದಿದ್ದು ಅರ್ಧ. ಡ್ಯುಲಾಕ್ಸೆಟಿನ್ ಡಿಪ್ರೆಶನ್‌ಗೆ ಕೊಡೋದು ಹೌದು, ಆದ್ರೆ ಅಮೆರಿಕದ ಔಷಧ ಇಲಾಖೆ 2008ರಲ್ಲೇ ಇದನ್ನ ಫೈಬ್ರೊಮಯಾಲ್ಜಿಯಾಗೆ ಅಂತಾನೇ ಒಪ್ಪಿದೆ, ನೋವನ್ನ ತಡೆಯೋ ನರದ ದಾರೀಲೂ ಅದು ಕೆಲಸ ಮಾಡುತ್ತೆ. ವಾಕರಿಕೆ ಶುರುವಲ್ಲಿ ಸುಮಾರು ಜನಕ್ಕೆ ಬರುತ್ತೆ, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತೆ, ನೋವಿಗೆ ಗುಣ ಕಾಣೋಕೆ ವಾರಗಳೇ ಹಿಡಿಯುತ್ತೆ. ಆದ್ರೆ ನೀವಾಗೇ ಮತ್ತೆ ಶುರು ಮಾಡ್ಬೇಡಿ. ಬಿಟ್ಟಿದೀನಿ, ಹೀಗಾಯ್ತು ಅಂತ ಡಾಕ್ಟ್ರಿಗೆ ಹೇಳಿ, ಡೋಸ್ ಕಡಿಮೆ ಮಾಡ್ತಾರೋ, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ತರ ಬೇರೆ ಕೊಡ್ತಾರೋ ಅವರು ನೋಡ್ತಾರೆ. ಮತ್ತೆ ಶುರು ಮಾಡಿದ್ರೆ ಇನ್ನೊಂದ್ಸಲ ದಿಢೀರಂತ ನಿಲ್ಲಿಸಬೇಡಿ. ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗೋ ಅಭ್ಯಾಸ ಇದ್ರೆ ಅದು ಮಾತ್ರ ಬೇಡ, ಈ ನೋವಿಗೆ ಅವು ಅಷ್ಟಾಗಿ ನಾಟಲ್ಲ, ಹೊಟ್ಟೆ ಕಿಡ್ನಿ ಹಾಳು. ಆ ಭೇಟಿಗೆ ಯಜಮಾನರನ್ನ ಕರ್ಕೊಂಡೇ ಹೋಗಿ, ಹೊರಗೆ ಕೂರಿಸದೆ ಒಳಗೆ ಕರೀರಿ. ನೀವು ನೂರು ಸಲ ಹೇಳಿದ್ದು ಡಾಕ್ಟ್ರ ಬಾಯಲ್ಲಿ ಬಂದ್ರೆ ಕೇಳ್ತಾರೆ, ಹಾಗಾಗಬಾರದಿತ್ತು, ಆದ್ರೆ ನಮ್ಮನೆಗಳಲ್ಲಿ ಹಾಗೇ ಇದೆ.

ಈಗ ನೀವು ಕೇಳಿದ ಪ್ರಶ್ನೆ. ಪತ್ರ ಮತ್ತೆ ಓದಿ, ನಿಮ್ಗಿರೋದು ಎರಡು ಕೆಲಸ. ಒಂದು ಆಫೀಸಿಂದು, ಇನ್ನೊಂದು ಐದಕ್ಕೆ ಶುರುವಾಗಿ ರಾತ್ರಿ ಎಂಟರ ಮೇಲೂ ಮುಗೀದಿರೋದು, ಭಾನುವಾರವೂ ರಜೆ ಇಲ್ದಿರೋದು. ಬಿಡು ಅಂತ ಹೇಳೋರೆಲ್ಲಾ ಸಂಬಳ ಬರೋ ಕೆಲಸಾನ ಬಿಡು ಅಂತಿದಾರೆ, ಎರಡನೇದನ್ನ ಹಂಚ್ಕೋತೀವಿ ಅಂತ ಒಬ್ರೂ ಅಂದಿಲ್ಲ. ನಾಳೆ ರಾಜೀನಾಮೆ ಕೊಟ್ರೆ, ಮನೇಲೇ ಇದೀಯಲ್ಲ ಅಂತ ಆ ಎರಡನೇ ಕೆಲಸ ಇನ್ನೂ ಹಿಗ್ಗುತ್ತೆ. ಸಂಬಳ ಹೋಗುತ್ತೆ, ಆಫೀಸಿನ ಇನ್ಶೂರೆನ್ಸ್ ಹೋಗುತ್ತೆ, ಅದರಲ್ಲಿ ಅತ್ತೆಯವರ ಹೆಸರೂ ಇದ್ಯಾ ಅಂತ ನೋಡಿ, ಇದ್ರೆ ಮನೇಲಿ ಹೇಳಿ. ನನ್ನ ಅಭಿಪ್ರಾಯ ಕೇಳಿದ್ರೆ ಆಫೀಸು ಬಿಡಬೇಡಿ, ಅಡುಗೆಮನೆ ಬಿಡಿ, ಪೂರ್ತಿ ಅಲ್ಲದಿದ್ರೂ ಅರ್ಧ. ಸಂಜೆ ಅಡುಗೆ ಯಜಮಾನರದ್ದು, ಬರೀ ಅನ್ನ ಸಾರಾದ್ರೂ ಪರವಾಗಿಲ್ಲ. ದೋಸೆ ಹಿಟ್ಟು ಅಂಗಡೀಲಿ ಸಿಗುತ್ತೆ. ಬಟ್ಟೆ, ನೆಲ ಒರೆಸೋಕೆ ಒಬ್ರನ್ನ ಇಟ್ಕೊಳ್ಳಿ, ಅದಕ್ಕೆ ದುಡ್ಡು ದಂಡ ಅಂದ್ರೆ ಇಷ್ಟು ದಿನ ಮಸಾಜಿಗೆ ದೃಷ್ಟಿಗೆ ಕೊಟ್ಟ ಲೆಕ್ಕ ತೆಗೀರಿ, ಅಕೌಂಟ್ಸ್ ನಿಮ್ದೇ ಅಲ್ವಾ. ಅತ್ತೆ ಮುನಿಸ್ಕೋತಾರೆ. ಸ್ವಲ್ಪ ದಿನ ಮುನಿಸ್ಕೊಳ್ಳಲಿ.

ಆ ಭಾನುವಾರದ ಕಥೆ ನಂಗೆ ಬಹಳ ಮುಖ್ಯ ಅನ್ಸ್ತು. ಮೈ ಸ್ವಲ್ಪ ಹಗುರಾದ ದಿನ ವಾರದ ಬಾಕಿ ಎಲ್ಲಾ ಒಂದೇ ಏಟಿಗೆ ತೀರಿಸೋದು, ಆಮೇಲೆ ಬಿದ್ಕೊಳ್ಳೋದು, ಈ ಕಾಯಿಲೆ ಇರೋ ತುಂಬಾ ಜನ ಇದೇ ಸುಳೀಲಿ ಸಿಕ್ಕಿರ್ತಾರೆ. ಒಳ್ಳೇ ದಿನದಲ್ಲೂ ಇನ್ನೂ ಮಾಡ್ಬಹುದು ಅನ್ಸುವಾಗಲೇ ನಿಲ್ಲಿಸೋದು ಕಲೀಬೇಕು, ಬರೆದಷ್ಟು ಸುಲಭ ಅಲ್ಲ ಇದು. ಎರಡು ವಾರ ಒಂದು ಸಣ್ಣ ನೋಟ್‌ಬುಕ್ಕಲ್ಲಿ ಏನು ಮಾಡಿದ್ರಿ, ನಿದ್ದೆ ಹೇಗಿತ್ತು, ಮಾರನೇ ದಿನ ಮೈ ಹೇಗಿತ್ತು ಅಂತ ಬರೀರಿ, ಡಾಕ್ಟ್ರಿಗೆ ತೋರ್ಸಿ. ಯಾಕೆ ಅಂದ್ರೆ ಫೈಬ್ರೊಮಯಾಲ್ಜಿಯಾಗೆ ವ್ಯಾಯಾಮದಷ್ಟು ಗಟ್ಟಿ ಆಧಾರ ಇರೋ ಚಿಕಿತ್ಸೆ ಇನ್ನೊಂದಿಲ್ಲ, ಯುರೋಪಿನ ರುಮಟಾಲಜಿ ತಜ್ಞರ 2017ರ ಶಿಫಾರಸಲ್ಲಿ ಬಲವಾಗಿ ಹೇಳಿರೋದು ಅದೊಂದನ್ನೇ. ಹತ್ತು ನಿಮಿಷ ನಿಧಾನ ನಡಿಗೆಯಿಂದ ಶುರು ಮಾಡಿ ವಾರ ವಾರ ಸ್ವಲ್ಪ ಸ್ವಲ್ಪ ಏರಿಸೋದು. ಆದ್ರೆ ಸಣ್ಣ ಕೆಲಸ ಮಾಡಿದ್ರೂ ಮಾರನೇ ದಿನ, ಅದರ ಮಾರನೇ ದಿನ ಪೂರ್ತಿ ನೆಲಕಚ್ಚೋ ಹಾಗಾಗ್ತಿದ್ರೆ ಅದು ಕ್ರಾನಿಕ್ ಫಟೀಗ್ ಅನ್ನೋ ಬೇರೆ ಕಾಯಿಲೆ ಇರಬಹುದು, ಎರಡೂ ಒಟ್ಟಿಗೇ ಇರೋರೂ ಇದಾರೆ. ಅವರಿಗೆ ವ್ಯಾಯಾಮ ಏರಿಸ್ತಾ ಹೋದ್ರೆ ಇನ್ನೂ ಕೆಡಬಹುದು, ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯೋ ನೈಸ್ ಸಂಸ್ಥೆ 2021ರಲ್ಲಿ ಆ ಪದ್ಧತೀನೇ ಬೇಡ ಅಂತ ಬರೆದಿದೆ. ನಿಮ್ಮ ಸೋಮವಾರ ಇದರಲ್ಲಿ ಯಾವುದು ಅಂತ ಡಾಕ್ಟ್ರು ಹೇಳೋವರೆಗೂ ಪಕ್ಕದ ಮನೆಯವರು ಜಿಮ್‌ಗೆ ಹೋಗು ಅಂದ್ರೂ ಹೋಗಬೇಡಿ.

ಆಫೀಸಿಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟೀಲಿ ಫೈಬ್ರೊಮಯಾಲ್ಜಿಯಾ ಹೆಸರಿಲ್ಲ, ಅದಕ್ಕೇ ಕಾನೂನು ತೋರಿಸಿ ಕೇಳೋ ದಾರಿ ನಿಮ್ಗೆ ಕಷ್ಟ, ಮಾತಾಡಿಯೇ ಪಡೀಬೇಕು. ಮ್ಯಾನೇಜರ್‌ಗೆ ಕಾಯಿಲೆಯ ಪೂರ್ತಿ ಕಥೆ ಹೇಳೋ ಅಗತ್ಯ ಇಲ್ಲ, ನಿಮ್ಗೇನು ಬೇಕೋ ಅದನ್ನ ಹೇಳಿ. ದೀರ್ಘಕಾಲದ ನೋವಿನ ಕಾಯಿಲೆ ಇದೆ, ಚಿಕಿತ್ಸೇಲಿದಾರೆ ಅಂತ ಡಾಕ್ಟ್ರ ಹತ್ರ ಒಂದು ಪತ್ರ ತಗೊಳ್ಳಿ, ಅಷ್ಟು ಸಾಕು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ, ಉಳಿದ ದಿನ ಹನ್ನೊಂದಕ್ಕೆ ಲಾಗಿನ್ ಕೇಳಿ. ವಿಜಯನಗರಕ್ಕೆ ಬರೋ ಹೊತ್ತಿಗೆ ಪರ್ಪಲ್ ಲೈನ್ ಮೆಟ್ರೋ ತುಂಬಿರುತ್ತೆ, ವೈಟ್‌ಫೀಲ್ಡ್‌ವರೆಗೂ ಒಂದು ಗಂಟೆ ಮೇಲೆ ನಿಂತೇ ಹೋದ್ರೆ ಆಫೀಸು ಶುರುವಾಗೋ ಮುಂಚೆನೇ ನಿಮ್ಮ ಶಕ್ತಿ ಮುಗೀತು. ತಡವಾಗಿ ಹೊರಟ್ರೆ ಸೀಟು ಸಿಗೋ ಸಾಧ್ಯತೆ ಜಾಸ್ತಿ. ಸಿಗದಿದ್ರೆ ಕೇಳಿ, ನಂಗೆ ಹುಷಾರಿಲ್ಲ ಸ್ವಲ್ಪ ಕೂತ್ಕೋತೀನಿ ಅಂತ. ನೋಡೋಕೆ ಚೆನ್ನಾಗೇ ಇದಾರಲ್ಲ ಅನ್ಕೊಂಡ್ರೆ ಅನ್ಕೊಳ್ಳಲಿ.

ಟೀಮ್ ಲೀಡ್ ಬಗ್ಗೆ, ಜವಾಬ್ದಾರಿ ಜಾಸ್ತಿ ಅಂತ ಹೆದರ್ಕೊಂಡು ಬೇಡ ಅನ್ನಬೇಡಿ. ನೋಡಬೇಕಾಗಿರೋದು ರಾತ್ರಿ ಕಾಲ್ ಇದೆಯಾ ಅನ್ನೋದು. ಲೀಡ್ ಆದ್ಮೇಲೆ ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ವಿದೇಶದವರ ಜೊತೆ ಕಾಲ್ ಅಂದ್ರೆ ನಿಮ್ಮ ನಿದ್ದೆ ಹೋಯ್ತು, ನಿದ್ದೆ ಹೋದ್ರೆ ನೋವು ಏರುತ್ತೆ, ಆಗ ಸಂಬಳ ಎಷ್ಟಾದ್ರೂ ಬೇಡ. ಕಾಲ್ ಇಲ್ಲ ಅಂದ್ರೆ ಒಪ್ಕೊಳ್ಳಿ, ಎಂಟ್ರಿ ಮಾಡೋದಕ್ಕಿಂತ ಬೇರೆಯವರ ಕೆಲಸ ನೋಡೋದು ನಿಮ್ಮ ಮೈಗೆ ಹಗುರಾಗ್ಬಹುದು. ಶುಕ್ರವಾರ ಹೀಗೆ ಹೇಳಿ: "ಸರ್, ನಂಗೆ ಇಷ್ಟ ಇದೆ. ಆರೋಗ್ಯದ ಕಾರಣಕ್ಕೆ ರಾತ್ರಿ ಎಂಟರ ಮೇಲೆ ಕಾಲ್ ತಗೊಳ್ಳೋಕಾಗಲ್ಲ, ವಾರಕ್ಕೆರಡು ದಿನ ಮನೆಯಿಂದ ಮಾಡ್ತೀನಿ. ಮೂರು ತಿಂಗಳು ಹೀಗೆ ನೋಡೋಣ, ಆಮೇಲೆ ನೀವೇ ಹೇಳಿ." ಆಗಲ್ಲ ಅಂದ್ರೆ ಈಗಿರೋ ಸೀಟಲ್ಲೇ ಇರ್ತೀನಿ ಅನ್ನಿ, ಆದ್ರೆ ಮನೆಯಿಂದ ಕೆಲಸದ ವಿಷಯ ಆಗಲೂ ಬಿಡಬೇಡಿ, ಡಾಕ್ಟ್ರ ಪತ್ರದ ಜೊತೆ ಎಚ್‌ಆರ್‌ಗೆ ಮೇಲ್ ಹಾಕಿ.