ಹೋಗುವಾಗ ಐದೂವರೆ ಗಂಟೆ, ಬರುವಾಗ ಹದಿನೈದೂವರೆ!

ಪ್ರಶ್ನೆ: ಜನವರಿಯಲ್ಲಿ ಲಂಡನ್ನಿನ ಮಗಳ ಮನೆಗೆ ಹೊರಟಿದ್ದೇನೆ. ಬೆಳಿಗ್ಗೆ 7ಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಮಧ್ಯಾಹ್ನ 12.30ಕ್ಕೆ ಲಂಡನ್. ಹಿಂತಿರುಗುವಾಗ ರಾತ್ರಿ 9ಕ್ಕೆ ಹೊರಟು ಮರುದಿನ ಮಧ್ಯಾಹ್ನ 12.30ಕ್ಕೆ ಬೆಂಗಳೂರು. ಟಿಕೆಟ್ ಸರಿಯಾಗಿದೆಯೇ? ಭೂಮಿ ಪೂರ್ವಕ್ಕೆ ತಿರುಗುವುದರಿಂದ ಲಂಡನ್ನೇ ವಿಮಾನದ ಕಡೆಗೆ ಬರುತ್ತದೆ ಎನ್ನುತ್ತಾನೆ ಮೊಮ್ಮಗ. ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಟಿಕೆಟ್ ಸರಿಯಾಗಿದೆ ಅಮ್ಮ, ಮೊಮ್ಮಗನ ವಾದ ಸರಿಯಿಲ್ಲ. ಆದರೂ ಅವನನ್ನು ಗದರಬೇಡಿ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿ ತೇಲುವ ವಿಮಾನವೂ ತಿರುಗುತ್ತದೆ. ಓಡುವ ರೈಲಿನಲ್ಲಿ ಕಿತ್ತಳೆಹಣ್ಣನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿನವರ ತಲೆಗೆ ಬಡಿಯುವುದಿಲ್ಲವಲ್ಲ, ಹಾಗೆ.

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ಹಾಕುತ್ತಾರೆ. ಜನವರಿಯಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ (ಅಲ್ಲಿನ ಬೇಸಿಗೆಯಲ್ಲಿ ನಾಲ್ಕೂವರೆ). ಹೋಗುವಾಗ ಅದನ್ನು ಕೂಡಿಸಿ: 11 ಗಂಟೆ. ಬರುವಾಗ ಕಳೆಯಿರಿ: 10 ಗಂಟೆ. ಇದೂ ರಗಳೆ ಎನಿಸಿದರೆ ಐದೂವರೆಗೆ ಹದಿನೈದೂವರೆ ಸೇರಿಸಿಬಿಡಿ, 21 ಬರುತ್ತದೆ. ಹೋಗಿ ಬರಲು ತಗಲುವ ಒಟ್ಟು ಹೊತ್ತು ಅಷ್ಟೇ. ಗಡಿಯಾರದ ವ್ಯತ್ಯಾಸ ತಾನಾಗಿ ವಜಾ ಆಗುತ್ತದೆ.

ಉಳಿದದ್ದು ಒಂದು ಗಂಟೆಯ ಅಂತರ. ಅದು ಗಾಳಿಯ ಕೆಲಸ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದೂ ಉಂಟು. ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಬೆನ್ನ ಹಿಂದಿರುತ್ತದೆ.

ದೂರ ಸುಮಾರು 8,000 ಕಿಲೋಮೀಟರ್. ಮೊಮ್ಮಗನ ಬಳಿ ಗ್ಲೋಬ್ ಇದ್ದರೆ ಬೆಂಗಳೂರಿನಿಂದ ಲಂಡನ್‌ಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಲು ಹೇಳಿ. ಗೋಡೆಯ ನಕ್ಷೆಯಲ್ಲಿ ಅಡಿಕೋಲು ಇಟ್ಟರೆ ಗೆರೆ ಅರಬ್ ದೇಶಗಳ ಮೇಲೆ ಹಾಯುತ್ತದೆ. ದಾರವಾದರೋ ಕರಾಚಿಯ ಆಸುಪಾಸು ಹಾದು, ಕ್ಯಾಸ್ಪಿಯನ್ ಸಮುದ್ರದತ್ತ ಉತ್ತರಕ್ಕೆ ಬಾಗಿ ಹೋಗುತ್ತದೆ. ಅದೇ ಅತಿ ಹತ್ತಿರದ ದಾರಿ. ಆದರೆ ವಿಮಾನ ಆ ದಾರವನ್ನೇ ಹಿಡಿದು ಹೋಗುತ್ತದೆಂದು ಎಣಿಸಬೇಡಿ. ಯುದ್ಧ ಶುರುವಾದಾಗಿನಿಂದ, ಅಂದರೆ 2022ರ ಫೆಬ್ರುವರಿಯಿಂದ, ಉಕ್ರೇನ್ ಆಕಾಶದಲ್ಲಿ ಪ್ರಯಾಣಿಕ ವಿಮಾನಗಳಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ನಮ್ಮ ದೇಶದ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಸುತ್ತು ಬಳಸಿದಷ್ಟೂ ಹೊತ್ತು, ಇಂಧನ ಎರಡೂ ಹೆಚ್ಚು. ಎಂಟು ಸಾವಿರವನ್ನು ವಿಮಾನದ ಗಂಟೆಯ ವೇಗವಾದ ಒಂಬೈನೂರರಿಂದ ಭಾಗಿಸಿ ‘ಒಂಬತ್ತೇ ಗಂಟೆ’ ಎಂದು ಮದುವೆ ಮನೆಯಲ್ಲಿ ವಾದಿಸುವ ಮಹನೀಯರು ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ರನ್‌ವೇಗೆ ತೆವಳುವ, ಸರದಿಗೆ ಕಾಯುವ ನಿಮಿಷಗಳೂ ಟಿಕೆಟ್‌ನ ಸಮಯದಲ್ಲಿ ಸೇರಿರುತ್ತವೆ.

ಹಿಂತಿರುಗುವ ದಿನ ಕರೆದೊಯ್ಯಲು ಬರುವವರಿಗೆ 12.30 ಎಂದಷ್ಟೇ ಹೇಳಬೇಡಿ. ವಿಮಾನ ಇಳಿಯುವ ಹೊತ್ತು ಅದು. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಪೆಟ್ಟಿಗೆ ಹುಡುಕಿ ನೀವು ಹೊರಬರಲು ಇನ್ನೂ ಒಂದು ಗಂಟೆ ಹಿಡಿದೀತು. ಆಮೇಲೆ ದೇವನಹಳ್ಳಿಯಿಂದ ತಿಪಟೂರಿನ ದಾರಿಗೆ ಯಾವ ಜೆಟ್ ಸ್ಟ್ರೀಮೂ ಇಲ್ಲ.