ಆಡಿಯೋ ಕಂಪನಿಗೆ ನನ್ನ ಹಾಡುಗಳ ಎಲ್ಲ ಹಕ್ಕು ಬರೆದುಕೊಡಲಾ?

ನಿಮಗೆ ಇಪ್ಪತ್ತು ವರ್ಷ, ನೀವೇ ಬರೆದು ರಾಗ ಹಾಕಿ ಹಾಡಿದ ಐದು ಕನ್ನಡ ಹಾಡುಗಳಿವೆ, ಒಂದು ಆಡಿಯೋ ಕಂಪನಿ ಎಲ್ಲ ಹಕ್ಕು ಕೊಟ್ಟರೆ ಬಿಡುಗಡೆ ಮಾಡ್ತೀವಿ ಅನ್ನುತ್ತಿದೆ. ಸಹಿ ಹಾಕಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನೂ ಬೆಂಗಳೂರಿನಲ್ಲಿ ಸ್ವಂತ ಹಾಡುಗಳನ್ನೇ ಹಾಡಿಕೊಂಡಿರುವವನು. ಕಂಪನಿಗಳೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ "ಎಲ್ಲ ಹಕ್ಕು" ಅಂದರೆ ಏನೇನು ಅಂತ ಮೊದಲು ಕೇಳಿ.

ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು ಬೇರೆ, ರಾಗದ್ದು ಬೇರೆ, ರೆಕಾರ್ಡಿಂಗಿನದ್ದು ಬೇರೆ. ಮೊದಲೆರಡು ನೀವು ಬರೆದ ಕ್ಷಣದಿಂದಲೇ ನಿಮ್ಮವು, ನೋಂದಣಿ ಕೂಡ ಕಡ್ಡಾಯವಲ್ಲ. ನೀವು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಅವು ಉಳಿಯುತ್ತವೆ. ರೆಕಾರ್ಡಿಂಗ್ ಮಾಡಿಸಿದವರು, ಅಂದರೆ ಅದರ ನಿರ್ಮಾಪಕರು, ನೀವೇ ಆಗಿದ್ದರೆ ಮೂರನೆಯದೂ ನಿಮ್ಮದೇ. (ಶಿಶುನಾಳ ಶರೀಫರ ಪದ ಹಾಡುವ ಆಸೆಯಿದ್ದರೆ ಇದನ್ನೇ ನೆನಪಿಡಿ. ಅವರು ತೀರಿಕೊಂಡಿದ್ದು 1889ರಲ್ಲಿ, ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಸಿ. ಅಶ್ವತ್ಥ್ ಹಾಕಿದ ರಾಗ ಹಾಗಲ್ಲ.)

2012ರ ಕಾಪಿರೈಟ್ ತಿದ್ದುಪಡಿ ಓದಿಕೊಳ್ಳಿ. ಹಕ್ಕು ಬರೆದುಕೊಟ್ಟರೂ, ಸಾಹಿತ್ಯ ಮತ್ತು ರಾಗದ ರಾಯಲ್ಟಿಯಲ್ಲಿ ನಿಮ್ಮ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟಿದ್ದೇನೆ ಅಂತ ಒಪ್ಪಂದದಲ್ಲಿ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಆ ಪಾಲು ಕೈಗೆ ಬರಬೇಕಾದರೆ, ಸಾಹಿತ್ಯ ಬರೆದವರ, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ಗೆ ಸದಸ್ಯರಾಗಿ, ಗೀತರಚನೆ ಮತ್ತು ಸಂಗೀತ ಎರಡಕ್ಕೂ ನಿಮ್ಮ ಹೆಸರು ಹಾಕಿ. ಹಾಡನ್ನು ಆ್ಯಪ್‌ಗಳಿಗೆ ಏರಿಸಿಕೊಡುವ ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ದುಡ್ಡು, ಇದು ಬೇರೆ.

ಸ್ಟ್ರೀಮಿಂಗ್‌ನಿಂದ ಮನೆ ಬಾಡಿಗೆ ಕಟ್ಟುವ ಕನಸು ಸದ್ಯಕ್ಕೆ ಬೇಡ. ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1000 ಸಲ ಕೇಳಿಸದ ಹಾಡಿಗೆ ರೆಕಾರ್ಡಿಂಗ್ ದುಡ್ಡೇ ಇಲ್ಲ. ಹೊಸಬರಿಗೆ ಕೇಳುಗರು ಸಿಗುವುದು ಹೆಚ್ಚಾಗಿ ವೇದಿಕೆಯಲ್ಲೇ ಅಂತ ನನ್ನ ಅನಿಸಿಕೆ. ರಘು ದೀಕ್ಷಿತ್ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, ಅದಕ್ಕೂ ಎಷ್ಟೋ ವರ್ಷ ಮೊದಲೇ ಅವರು ವೇದಿಕೆ ಹತ್ತಿದ್ದರು. ಕೆಫೆಗಳಲ್ಲಿ ಜನಪ್ರಿಯ ಹಾಡುಗಳ ಕವರ್ ಕೇಳುತ್ತಾರೆ, ಹಾಡಿ. ಮಧ್ಯೆ ನಿಮ್ಮದೂ ಎರಡು ಸೇರಿಸಿ.

ಕಂಪನಿಗೆ ಕೇಳಬೇಕಾದ್ದು: ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಪ್ರಚಾರಕ್ಕೆ ಎಷ್ಟು ಖರ್ಚು ಮಾಡುತ್ತೀರಿ? ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಲೆಕ್ಕ ಹಿಡಿಯುತ್ತದೆ, ಅದಕ್ಕೇ ಎಷ್ಟೋ ಕರಡುಗಳಲ್ಲಿ "ಶಾಶ್ವತವಾಗಿ" ಅನ್ನುವ ಪದ ಇರುತ್ತದೆ. ಅದನ್ನು ತೆಗೆಸಿ. ಒಪ್ಪದಿದ್ದರೆ ಒಂದೇ ಹಾಡು ಕೊಟ್ಟು ನೋಡಿ, ಉಳಿದ ನಾಲ್ಕನ್ನು ನೀವೇ ಬಿಡುಗಡೆ ಮಾಡಿ.