ಪಕ್ಷದ ಸದಸ್ಯರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದೇ? ಮತದಾನದ ಕ್ರಮವೇನು?

ಖಂಡಿತ ನಿಲ್ಲಬಹುದು, ಆದರೆ ಪಕ್ಷದ ಹೆಸರಿನಲ್ಲಿ ಅಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯು 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಪಕ್ಷರಹಿತವಾಗಿ ನಡೆಯುತ್ತದೆ. ಪಕ್ಷದ ಸದಸ್ಯತ್ವವು ಅನರ್ಹತೆಯಲ್ಲವಾದರೂ, ಪಕ್ಷವು ತನ್ನ ಅಧಿಕೃತ ಅಭ್ಯರ್ಥಿಗೆ ಕೊಡುವ ಬಿ ಫಾರಂಗೆ ಇಲ್ಲಿ ಯಾವ ಬೆಲೆಯೂ ಇಲ್ಲ, ಏಕೆಂದರೆ ಚುನಾವಣಾಧಿಕಾರಿಯು ಯಾವ ಪಕ್ಷಕ್ಕೂ ಸೇರದ ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಹಂಚುತ್ತಾರೆ. ಪಕ್ಷದ ಚಿಹ್ನೆ ಬಳಕೆಯಾಗುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ.

ಸ್ಪರ್ಧಿಸಲು 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರ ಸಲ್ಲಿಕೆ, ಪರಿಶೀಲನೆ ಮತ್ತು ಹಿಂತೆಗೆತದ ದಿನಾಂಕಗಳು ಪ್ರತಿ ಸಲವೂ ರಾಜ್ಯ ಚುನಾವಣಾ ಆಯೋಗದ ಅಧಿಸೂಚನೆಯಂತೆ ನಿಗದಿಯಾಗುವುದರಿಂದ, ಹಳೆಯ ವೇಳಾಪಟ್ಟಿಯನ್ನು ನಂಬಿ ಕೂರಬೇಡಿ. ಪಟ್ಟಿಯಲ್ಲಿ ಹೆಸರಿದೆಯೇ ಎಂಬುದನ್ನಂತೂ ಅಧಿಸೂಚನೆಗೆ ಮೊದಲೇ ನೋಡಿಕೊಳ್ಳಿ. 2020ರಲ್ಲಿ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಮತದಾನವಾಗಿ, 30ರಂದು ಎಣಿಕೆ ನಡೆಯಿತು.

ನನ್ನ ದೃಷ್ಟಿಯಲ್ಲಿ ಹೆಚ್ಚು ಗೊಂದಲವಾಗುವುದು ಮತ ಹಾಕುವಾಗ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಲೆಕ್ಕವಿರುವುದರಿಂದ ಒಂದೇ ಕ್ಷೇತ್ರಕ್ಕೆ ಎರಡು, ಮೂರು ಸ್ಥಾನಗಳಿರುವುದು ಸಾಮಾನ್ಯ, ಮತದಾರರಿಗೆ ಅಷ್ಟೇ ಮತಗಳಿರುತ್ತವೆ. ಮೂರು ಸ್ಥಾನಗಳಿದ್ದರೆ ಮೂವರು ಅಭ್ಯರ್ಥಿಗಳ ಚಿಹ್ನೆಯ ಮುಂದೆ ಒಂದೊಂದು ಮುದ್ರೆ ಒತ್ತಬಹುದು. ಒಬ್ಬರಿಗೇ ಒಟ್ಟುಗೂಡಿಸಿ ಮೂರು ಮತ ಕೊಡುವಂತಿಲ್ಲ. ಇಬ್ಬರಿಗೆ ಮಾತ್ರ ಒತ್ತಿದರೂ ಆ ಮತಗಳು ಸಲ್ಲುತ್ತವೆ. ನಾಲ್ವರಿಗೆ ಒತ್ತಿದರೆ ಮಾತ್ರ ಇಡೀ ಮತಪತ್ರವೇ ತಿರಸ್ಕೃತವಾಗುತ್ತದೆ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಮುಂಚಿತವಾಗಿಯೇ ಬಿಡಿಸಿ ಹೇಳಿ.